ಓದುಗರ ಪ್ರಶ್ನೆ: ಬಾಡಿಗೆ ಹಾಯಿನೌಕೆಯಲ್ಲಿ ಒಂದು ವಾರ

ಕ್ರೊವೇಷ್ಯಾದ ಡಾಲ್ಮೇಷಿಯ ಕರಾವಳಿಯಲ್ಲಿ ಹಾಯಿನೌಕೆಯೊಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಸುತ್ತಿ ಬಂದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಒಂದಂಗುಲ ಕಡಲತೀರವೂ ಇಲ್ಲದ ಜಿಲ್ಲೆಯವರಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಸಂಪಾದಕರು ತಮಾಷೆ ಮಾಡಿದರು. ಮಡಿಕೇರಿಯಲ್ಲೇ ಮನೆ ಮಾಡಿಕೊಂಡಿರುವ ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಮಂಜಿನೊಳಗೆ ಕುಳಿತವರಿಗೆ ಬಿಸಿಲು ಬಿದ್ದ ನೀಲಿ ನೀರಿನ ಒಂದು ಚಿತ್ರ ಸಾಕು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಮೂರು ಸಂಸಾರ ಸೇರಿ ಎಂಟು ಮಂದಿ. ಎಪ್ಪತ್ತು ದಾಟಿದ ಅತ್ತೆಯವರಿದ್ದಾರೆ, ಆರು ವರ್ಷದ ಮಗನಿದ್ದಾನೆ. ನನ್ನ ಭಾವ ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದವರು. ಸ್ಕಿಪ್ಪರ್‌ಗೆ ಕೊಡುವ ದುಡ್ಡು ದಂಡ, ನೌಕೆಯನ್ನು ನಾನೇ ನಡೆಸುತ್ತೇನೆ ಎನ್ನುತ್ತಾರೆ. ಅದು ಸಾಧ್ಯವೇ? ತೋಟ ಬಿಟ್ಟು ಯಾವಾಗ ಹೊರಡುವುದು ಒಳ್ಳೆಯದು?
— ಕಾಫಿ ಬೆಳೆಗಾರರು, ಗೋಣಿಕೊಪ್ಪ

ಉತ್ತರ: ನಿಮ್ಮ ಭಾವನವರ ಸೇವೆಯ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ಸಲಹೆ ಅವರಿಗೆ ಹಿಡಿಸಲಾರದು: ಮೊದಲು ಸ್ಕಿಪ್ಪರ್ ಬೇಕು ಎಂದು ನಿರ್ಧರಿಸಿ, ನೌಕೆ ಯಾವುದು, ಎಷ್ಟು ಉದ್ದದ್ದು ಎಂಬ ಲೆಕ್ಕ ಆಮೇಲೆ ಬರಲಿ. ಎಲ್ಲರೂ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಚಿತ್ರ ನೋಡಿ ನೌಕೆಗೆ ಮುಂಗಡ ಕಟ್ಟಿ, ಅದನ್ನು ನಡೆಸುವವರು ಯಾರು ಎಂಬ ಪ್ರಶ್ನೆಯನ್ನು ಹೊರಡುವ ತಿಂಗಳಿಗೆ ಉಳಿಸಿಕೊಳ್ಳುತ್ತಾರೆ.

ನೌಕೆಯನ್ನು ಮಾತ್ರ ಬಾಡಿಗೆಗೆ ಪಡೆದು ನಾವೇ ನಡೆಸುವುದಕ್ಕೆ ಬೇರ್‌ಬೋಟ್ ಎನ್ನುತ್ತಾರೆ. ಕ್ರೊವೇಷ್ಯಾದಲ್ಲಿ ಹಾಗೆ ಪಡೆಯಬೇಕಾದರೆ ನಡೆಸುವವರ ಬಳಿ ಆ ಸರ್ಕಾರ ಒಪ್ಪಿರುವ ಅರ್ಹತಾ ಪತ್ರವಿರಬೇಕು. ಜೊತೆಗೆ ವಿಎಚ್‌ಎಫ್ ರೇಡಿಯೊ ಬಳಸಲು ಬೇರೆಯೇ ಪ್ರಮಾಣಪತ್ರ ಬೇಕು. ಯುರೋಪಿನ ಹಲವು ದೇಶಗಳಲ್ಲಿ ನಡೆಯುವ ಐಸಿಸಿ ಎಂಬ ಪತ್ರ ಹೆಚ್ಚು ಪ್ರಚಲಿತವಾದದ್ದು. ನೌಕಾಪಡೆಯ ಸೇವಾ ಪುಸ್ತಕ ಇದರ ಜಾಗದಲ್ಲಿ ತಾನಾಗಿ ನಿಲ್ಲುವುದಿಲ್ಲ. ಭಾವನವರ ಬಳಿ ಯಾವ ಪ್ರಮಾಣಪತ್ರವಿದೆಯೋ ಅದರ ಪ್ರತಿಯನ್ನು ಕಂಪನಿಗೆ ಮೊದಲೇ ಕಳುಹಿಸಿ, ಅದು ನಡೆಯುತ್ತದೆ ಎಂದು ಬರವಣಿಗೆಯಲ್ಲಿ ಉತ್ತರ ಬಂದ ಮೇಲಷ್ಟೇ ಹಣ ಕಟ್ಟಬೇಕು.

ಕಾಗದ ಸರಿಯಿದ್ದರೂ ನನ್ನ ಮಾತು ಬದಲಾಗುವುದಿಲ್ಲ. ಕಡಲ ನಡುವೆ ಹಾಯಿ ಬಿಚ್ಚಿ ಸಾಗುವುದು ಸುಲಭದ ಭಾಗ. ಕಷ್ಟವಿರುವುದು ಸಂಜೆ ಬಂದರಿಗೆ ಕಟ್ಟುವಾಗ. ಅಲ್ಲಿನ ಚಿಕ್ಕ ಬಂದರುಗಳಲ್ಲಿ ನೌಕೆಯ ಹಿಂಬದಿಯನ್ನು ದಕ್ಕೆಗೆ ತಾಗಿಸಿ ನಿಲ್ಲಿಸುವುದು ರೂಢಿ. ಎರಡು ನೌಕೆಗಳ ನಡುವಿನ ಸಂದಿಗೆ ನಲವತ್ತೈದು ಅಡಿಯ ನೌಕೆಯನ್ನು ಹಿಮ್ಮುಖವಾಗಿ ತೂರಿಸಬೇಕು. ಎರಡೂ ಪಕ್ಕಕ್ಕೆ ಗಾಳಿ ತುಂಬಿದ ಫೆಂಡರ್‌ಗಳನ್ನು ಇಳಿಬಿಟ್ಟು, ಒಬ್ಬರು ಹಿಂದಿನಿಂದ ಹಗ್ಗ ಎಸೆಯಲು ಸಿದ್ಧರಿರಬೇಕು. ಇನ್ನೊಬ್ಬರು ನೀರಿನ ತಳದಿಂದ ಬರುವ, ಪಾಚಿ ಹತ್ತಿ ಜಾರುವ, ಕಪ್ಪೆಚಿಪ್ಪು ಕಚ್ಚಿಕೊಂಡು ಅಂಗೈ ಕೊಯ್ಯುವ ಹಗ್ಗವನ್ನು ಕೊಕ್ಕೆಯಿಂದ ಎತ್ತಿ ಮೂತಿಯವರೆಗೆ ಓಡಬೇಕು. ತೋಟದ ಕಿರುದಾರಿಯಲ್ಲಿ ಪಿಕಪ್ ರಿವರ್ಸ್ ತೆಗೆದು ರೂಢಿಯಿರುವ ನಿಮಗೆ ಇದರಲ್ಲಿ ಅರ್ಧ ಗೊತ್ತಿರುತ್ತದೆ. ಉಳಿದರ್ಧವೆಂದರೆ, ಇಲ್ಲಿ ಬ್ರೇಕ್ ಇಲ್ಲ, ರಸ್ತೆಯೇ ಪಕ್ಕಕ್ಕೆ ಸರಿಯುತ್ತಿರುತ್ತದೆ, ದಕ್ಕೆಯ ಮೇಲೆ ಕಾಫಿ ಕುಡಿಯುತ್ತ ಕುಳಿತ ನಲವತ್ತು ಮಂದಿ ನಿಮ್ಮನ್ನೇ ನೋಡುತ್ತಿರುತ್ತಾರೆ. ಯುದ್ಧನೌಕೆಯಲ್ಲಿ ಒಂದು ವಿಭಾಗದ ಕೆಲಸ ಮಾಡಿದ ಅನುಭವ ಇಲ್ಲಿ ಅಷ್ಟಾಗಿ ಒದಗುವುದಿಲ್ಲ.

ಅಲ್ಲಿ ಸ್ಕಿಪ್ಪರ್‌ಗೆ ದಿನಕ್ಕೆ 200 ಯೂರೊ ಆಸುಪಾಸು ಸಂಬಳ. ಊಟ ನಿಮ್ಮದು, ಮಲಗಲು ಜಾಗವೂ ನಿಮ್ಮದೇ. ಅಡುಗೆ ಮಾಡುವುದು, ಮಗುವನ್ನು ನೋಡಿಕೊಳ್ಳುವುದು ಅವರ ಕೆಲಸವಲ್ಲ. ಆದರೆ ಯಾವ ಗಾಳಿಗೆ ಯಾವ ಕೊಲ್ಲಿಯಲ್ಲಿ ತಂಗಬೇಕು, ಯಾವ ಹಳ್ಳಿಯಲ್ಲಿ ಯಾರಿಗೆ ಫೋನ್ ಮಾಡಿದರೆ ಕಟ್ಟಲು ಜಾಗ ಸಿಗುತ್ತದೆ ಎಂಬುದು ಅವರ ಬೆರಳ ತುದಿಯಲ್ಲಿರುತ್ತದೆ. ಹಗಲು ಹೊತ್ತು ಭಾವನವರು ಚುಕ್ಕಾಣಿ ಹಿಡಿಯಲು ಯಾವ ಅಡ್ಡಿಯೂ ಇಲ್ಲ. ಒಳ್ಳೆಯ ಸ್ಕಿಪ್ಪರ್ ಅದನ್ನು ಸಂತೋಷದಿಂದಲೇ ಬಿಟ್ಟುಕೊಡುತ್ತಾರೆ.

ಹಾಗಾಗಿ ನಿಮ್ಮ ಲೆಕ್ಕ ಎಂಟಲ್ಲ, ಒಂಬತ್ತು. ಜಾಹೀರಾತಿನಲ್ಲಿ ಹತ್ತು ಬರ್ತ್ ಎಂದಿದ್ದರೆ ಎರಡು ಬರ್ತ್‌ಗಳು ಊಟದ ಮೇಜನ್ನು ತಗ್ಗಿಸಿ ಹಾಸಿಗೆ ಮಾಡಿಕೊಳ್ಳುವಂಥವು ಎಂದು ತಿಳಿಯಿರಿ. ಬರ್ತ್ ಎಣಿಸಬೇಡಿ, ಕೋಣೆ ಎಣಿಸಿ. ಅತ್ತೆಯವರಿರುವುದರಿಂದ ನಾನು ಕ್ಯಾಟಮರಾನ್ ಹೇಳುತ್ತೇನೆ. ತಮಿಳಿನ ‘ಕಟ್ಟುಮರಂ’ ಇಂಗ್ಲಿಷಿಗೆ ಹೋಗಿ ಬಂದ ಹೆಸರದು, ಆದರೆ ಈಗಿನದು ಎರಡು ಒಡಲುಗಳ ಅಗಲ ನೌಕೆ. ಒಂದೇ ಒಡಲಿನ ನೌಕೆಯಂತೆ ಗಾಳಿಗೆ ಒಂದು ಮಗ್ಗುಲಿಗೆ ವಾಲುವುದಿಲ್ಲ, ಅಡುಗೆಮನೆಗೂ ಹೊರಗಿನ ಕಟ್ಟೆಗೂ ಮೆಟ್ಟಿಲು ಹತ್ತಿಳಿಯುವ ತಾಪತ್ರಯ ಕಡಿಮೆ. ಬಾಡಿಗೆ ಮಾತ್ರ ಅದೇ ಉದ್ದದ ಒಂಟಿ ಒಡಲಿನ ನೌಕೆಗಿಂತ ಬಹಳ ಹೆಚ್ಚು, ಕೆಲವೊಮ್ಮೆ ದುಪ್ಪಟ್ಟು. ನೌಕೆ ಕಟ್ಟಲು ಜಾಗ ಕೊಡುವ ಮರೀನಾಗಳೂ ಅದಕ್ಕೆ ಹೆಚ್ಚು ಶುಲ್ಕ ಕೇಳುತ್ತವೆ. ಇನ್ನೊಂದು ವಿಷಯ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ: ನೌಕೆಯಿಂದ ದಕ್ಕೆಗೆ ಇಳಿಯುವುದು ಒಂದಡಿ ಅಗಲದ ಹಲಗೆಯ ಮೇಲೆ. ತೋಡಿಗೆ ಅಡ್ಡ ಹಾಕಿದ ಸಂಕ ದಾಟಿದ ಹಾಗೆಯೇ, ಆದರೆ ಈ ಸಂಕದ ಒಂದು ತುದಿ ಸದಾ ಏರಿಳಿಯುತ್ತಿರುತ್ತದೆ. ಅತ್ತೆಯವರು ಅದನ್ನು ದಿನಕ್ಕೆ ನಾಲ್ಕು ಬಾರಿ ದಾಟಬಲ್ಲರೇ ಎಂದು ಅವರನ್ನೇ ಕೇಳಿ.

ಇನ್ನು ಸಮಯದ ಮಾತು. ನಿಮಗೆ ಕೈಲ್‌ಪೊಳ್ದ್ ಮುಗಿದ ಮೇಲಿನ ಸೆಪ್ಟೆಂಬರ್ ಒಳ್ಳೆಯದು. ಕಾವೇರಿ ಸಂಕ್ರಮಣಕ್ಕೆ ಮೊದಲು ಮನೆ ಸೇರಿರುತ್ತೀರಿ, ಕೊಯ್ಲಿಗೂ ಇನ್ನೂ ದಿನಗಳಿರುತ್ತವೆ. ಅಲ್ಲಿಯೂ ಜುಲೈ–ಆಗಸ್ಟ್‌ನ ನೂಕುನುಗ್ಗಲು ಕಳೆದು ಬಾಡಿಗೆ ಇಳಿದಿರುತ್ತದೆ, ಬೇಸಿಗೆಯಿಡೀ ಕಾದ ಕಡಲ ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಬಾಡಿಗೆ ವಾರ ಸಾಮಾನ್ಯವಾಗಿ ಶನಿವಾರ ಸಂಜೆಯಿಂದ ಮುಂದಿನ ಶನಿವಾರ ಬೆಳಿಗ್ಗೆಯವರೆಗೆ, ಶುಕ್ರವಾರ ಸಂಜೆಗೇ ಮೂಲ ಬಂದರಿಗೆ ಮರಳಬೇಕು. ಅಂದರೆ ಕೈಗೆ ಸಿಗುವುದು ಆರು ಹಗಲು.

ಆ ಆರು ಹಗಲಿಗೆ ಆಸೆ ಕಡಿಮೆಯಿರಲಿ. ಹಾಯಿನೌಕೆ ಗಂಟೆಗೆ ಐದಾರು ನಾಟಿಕಲ್ ಮೈಲು ಹೋದರೆ ಅದೇ ದೊಡ್ಡದು. ಒಂದು ನಾಟಿಕಲ್ ಮೈಲು 1.852 ಕಿಲೋಮೀಟರ್. ಅಲ್ಲಿನ ಬಂದರು ನಗರ ಸ್ಪ್ಲಿಟ್‌ನಿಂದ ಹೊರಟು ಮೊದಲ ರಾತ್ರಿ ಬ್ರಾಚ್ ದ್ವೀಪದ ಮಿಲ್ನಾ, ಅಲ್ಲಿಂದ ಹ್ವಾರ್ ಪಟ್ಟಣದ ಎದುರಿನ ಪಾಕ್ಲೆನಿ ದ್ವೀಪಗಳು, ನಂತರ ವಿಸ್, ಬರುವಾಗ ಹ್ವಾರ್‌ನ ಸ್ತಾರಿ ಗ್ರಾದ್, ಇಷ್ಟು ಸಾಕು. ವಿಸ್ ದ್ವೀಪ ಯುಗೊಸ್ಲಾವಿಯಾದ ಸೇನಾ ನೆಲೆಯಾಗಿದ್ದು 1989ರವರೆಗೆ ವಿದೇಶಿಯರಿಗೆ ಮುಚ್ಚಿತ್ತು. ಅದರಿಂದಲೇ ಇವತ್ತಿಗೂ ಅಲ್ಲಿ ದೊಡ್ಡ ಹೋಟೆಲುಗಳ ಹಾವಳಿ ಕಡಿಮೆ. ದೂರದ ದಕ್ಷಿಣದ ದುಬ್ರೋವ್ನಿಕ್ ನಗರದವರೆಗೆ ಹೋಗಿಬರುತ್ತೇವೆ ಎಂದು ಹೊರಟವರು ಇಡೀ ವಾರ ಡೀಸೆಲ್ ಎಂಜಿನ್ನಿನ ಸದ್ದು ಕೇಳುತ್ತಾರೆ.

ಅಲ್ಲಿನ ಗಾಳಿಗಳಿಗೆ ಹೆಸರುಗಳಿವೆ. ಬೇಸಿಗೆಯ ಮಾಮೂಲಿ ಗಾಳಿ ಮಾಯೆಸ್ತ್ರಾಲ್, ವಾಯವ್ಯದ್ದು. ಹೊತ್ತೇರಿದ ಮೇಲೆ ಎದ್ದು ಸಂಜೆಗೆ ಮಲಗುತ್ತದೆ. ಯೂಗೊ ಆಗ್ನೇಯದ್ದು, ಮೋಡ, ತೇವ, ಮಳೆ ಹೊತ್ತು ದಿನಗಟ್ಟಲೆ ಬಲಿಯುತ್ತ ಬರುವ ಅದು ನಮ್ಮ ಜೂನ್ ತಿಂಗಳಂತೆ ಮೊದಲೇ ಸುಳಿವು ಕೊಡುತ್ತದೆ. ಹೆದರಬೇಕಾದದ್ದು ಬೂರಾಗೆ. ಈಶಾನ್ಯದ ಬೆಟ್ಟಸಾಲಿನ ಹಿಂದೆ ಶೇಖರವಾದ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಕಡಲಿಗೆ ಧುಮುಕುತ್ತದೆ. ಆಕಾಶ ಶುಭ್ರವಾಗಿಯೇ ಇರಬಹುದು. ಬೆಟ್ಟದ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಬಿಳಿ ಮೋಡ ಕುಳಿತರೆ ಅಲ್ಲಿನವರು ಹಗ್ಗಗಳನ್ನು ಇನ್ನೊಮ್ಮೆ ಬಿಗಿಯುತ್ತಾರೆ. ಬ್ರಹ್ಮಗಿರಿಯ ಮೇಲಿನ ಮೋಡ ನೋಡಿ ಕಾಫಿ ಕಣದಲ್ಲಿ ಟಾರ್ಪಲ್ ಎಳೆಯುವ ನಮಗೆ ಈ ವಿದ್ಯೆ ಬೇಗ ಹತ್ತುತ್ತದೆ.

ಪ್ರಶ್ನೆ: ಜಾಹೀರಾತಿನಲ್ಲಿ ತೋರಿಸುವ ಬಾಡಿಗೆಗೂ ಕೊನೆಗೆ ಆಗುವ ಖರ್ಚಿಗೂ ಎಷ್ಟು ಅಂತರ? ಠೇವಣಿ ಹಣ ಮರಳಿ ಬರುತ್ತದೆಯೇ?
— ನಿವೃತ್ತ ಶಿಕ್ಷಕರು, ಮಡಿಕೇರಿ

ಉತ್ತರ: ಅಂತರ ಚೆನ್ನಾಗಿಯೇ ಇದೆ. ಬಾಡಿಗೆಯ ಮೇಲೆ ಸ್ಕಿಪ್ಪರ್ ಸಂಬಳ, ಕೊನೆಯ ದಿನದ ಶುಚಿ ಮಾಡುವ ಶುಲ್ಕ, ಹಾಸಿಗೆ ಬಟ್ಟೆ, ಪ್ರವಾಸಿ ತೆರಿಗೆ, ಪ್ರತಿ ರಾತ್ರಿಯ ಮರೀನಾ ಅಥವಾ ಬೋಯ್ (ನೌಕೆ ಕಟ್ಟುವ ತೇಲುಬುರುಡೆ) ಶುಲ್ಕ, ರಾಷ್ಟ್ರೀಯ ಉದ್ಯಾನದ ನೀರಿಗೆ ಹೋದರೆ ಅದರ ಟಿಕೆಟ್ಟು, ಮತ್ತು ಡೀಸೆಲ್. ಟ್ಯಾಂಕ್ ತುಂಬಿಸಿ ಕೊಡುತ್ತಾರೆ, ತುಂಬಿಸಿಯೇ ಒಪ್ಪಿಸಬೇಕು. ಪೂರ್ತಿ ಸಿಬ್ಬಂದಿಯಿರುವ ದೊಡ್ಡ ನೌಕೆಗಳಲ್ಲಾದರೆ ಎಪಿಎ ಎಂಬ ಹೆಸರಿನಲ್ಲಿ ಊಟ, ಇಂಧನ, ಬಂದರು ಖರ್ಚಿಗೆಂದು ಬಾಡಿಗೆಯ ಶೇ 20ರಿಂದ 30ರಷ್ಟು ಮುಂಗಡ ಕೇಳುತ್ತಾರೆ. ಉಳಿದದ್ದನ್ನು ಲೆಕ್ಕದೊಂದಿಗೆ ಹಿಂತಿರುಗಿಸುತ್ತಾರೆ. ಬಾಡಿಗೆಯನ್ನು ಸಾಮಾನ್ಯವಾಗಿ ಅರ್ಧ ಕಾಯ್ದಿರಿಸುವಾಗ, ಉಳಿದರ್ಧ ಹೊರಡುವ ತಿಂಗಳ ಮುಂಚೆ ಕಟ್ಟಬೇಕು. ಹಾಗೆ ಹೊರದೇಶಕ್ಕೆ ಕಳುಹಿಸುವ ಹಣಕ್ಕೆ ಇಲ್ಲಿ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಹಿಡಿಯುವ ನಿಯಮಗಳಿವೆ. ದರವೂ ಮಿತಿಯೂ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತ ಬಂದಿರುವುದರಿಂದ ಆ ವರ್ಷದ್ದನ್ನು ನಿಮ್ಮ ಆಡಿಟರ್ ಬಳಿ ಕೇಳಿ. ಹಿಡಿದ ಮೊತ್ತವನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಠೇವಣಿಯ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಎರಡನೆಯ ಸಲ ಹೋದಾಗ ನೌಕೆಯನ್ನು ವಹಿಸಿಕೊಳ್ಳುವ ಹೊತ್ತಿಗೆ ಮಳೆ ಹನಿಯುತ್ತಿತ್ತು, ಕಂಪನಿಯ ಹುಡುಗ ಅವಸರದಲ್ಲಿದ್ದ, ನಾವು ಹಸಿದಿದ್ದೆವು. ನಾಲ್ಕು ಪುಟದ ಪಟ್ಟಿಗೆ ಕಣ್ಣು ಹಾಯಿಸಿ ಸಹಿ ಹಾಕಿಬಿಟ್ಟೆ. ಹಿಂಬದಿಗೆ ಕಟ್ಟಿದ್ದ ರಬ್ಬರ್ ದೋಣಿಯ ಪುಟ್ಟ ಎಂಜಿನ್ನನ್ನು ಎತ್ತಿ ನೋಡಲೇ ಇಲ್ಲ. ವಾರದ ಕೊನೆಗೆ ಮರೀನಾದ ಮುಳುಗುಗಾರ ನೌಕೆಯ ತಳ ನೋಡಿ ಬಂದು ಸರಿಯಿದೆ ಎಂದ ಮೇಲೆ, ಅದೇ ಹುಡುಗ ರಬ್ಬರ್ ದೋಣಿಯ ಎಂಜಿನ್ನನ್ನು ಮಗುಚಿ, ಪ್ರೊಪೆಲ್ಲರಿನ ಮೂರು ರೆಕ್ಕೆಗಳಲ್ಲಿ ಒಂದರ ತುದಿ ಇಲಿ ಕಚ್ಚಿದಂತೆ ಹಾರಿಹೋಗಿರುವುದನ್ನು ತೋರಿಸಿದ. ಆ ಅಂಚು ಮಾಸಿ ಕಪ್ಪಾಗಿತ್ತು, ಹಳೆಯ ಗಾಯವೆಂದು ಯಾರಿಗಾದರೂ ತಿಳಿಯುವಂತಿತ್ತು. ಆದರೆ ನನ್ನ ಬಳಿ ಫೋಟೊ ಇರಲಿಲ್ಲ, ಸಹಿ ಇತ್ತು. ಠೇವಣಿಯಲ್ಲಿ ಅವರು ಮುರಿದುಕೊಂಡಷ್ಟು ಮುರಿದುಕೊಂಡರು.

ಅಂದಿನಿಂದ ನೌಕೆ ವಹಿಸಿಕೊಳ್ಳುವಾಗ ಒಂದೂವರೆ ಗಂಟೆ ಮೀಸಲು. ಹೊರಮೈಯನ್ನು ಸುತ್ತಲೂ ವಿಡಿಯೊ ಮಾಡುತ್ತೇನೆ, ಲಂಗರನ್ನು ಒಮ್ಮೆ ಇಳಿಸಿ ಎತ್ತಿಸುತ್ತೇನೆ, ಎರಡೂ ಶೌಚಾಲಯಗಳ ಪಂಪು ಒತ್ತಿಸುತ್ತೇನೆ, ಹಾಯಿಯನ್ನು ಪೂರ್ತಿ ಬಿಚ್ಚಿಸಿ ಹೊಲಿಗೆ ನೋಡುತ್ತೇನೆ, ರಬ್ಬರ್ ದೋಣಿಯ ಎಂಜಿನ್ನಿಗಂತೂ ಪೂಜೆಯೇ. ಠೇವಣಿಯನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಡೆಬಿಟ್ ಅಥವಾ ಫೊರೆಕ್ಸ್ ಕಾರ್ಡನ್ನು ಹಲವರು ಒಪ್ಪುವುದಿಲ್ಲ. ಊರು ಬಿಡುವ ಮೊದಲು ಕಾರ್ಡಿನ ವಿದೇಶಿ ವಹಿವಾಟಿನ ಮಿತಿಯನ್ನು ಏರಿಸಿಕೊಳ್ಳಿ, ಇಲ್ಲವಾದರೆ ಶನಿವಾರ ಸಂಜೆ ದಕ್ಕೆಯ ಮೇಲೆ ನಿಂತು ಬ್ಯಾಂಕಿಗೆ ಫೋನ್ ಮಾಡುತ್ತಿರುತ್ತೀರಿ. ಇಷ್ಟು ಹಣ ಹೆಚ್ಚು ಕೊಟ್ಟರೆ ಠೇವಣಿ ತಗ್ಗಿಸುವ ವಿಮೆಯನ್ನೂ ಕೆಲವರು ಮಾರುತ್ತಾರೆ. ಅದು ಮರಳಿ ಬಾರದ ಹಣ. ಆದರೂ ಮೊದಲ ಸಲ ಹೋಗುವವರಿಗೆ ನಾನು ಬೇಡವೆನ್ನುವುದಿಲ್ಲ. ಯಾವುದು ಅದರೊಳಗೆ ಬರುವುದಿಲ್ಲ ಎಂಬ ಸಾಲನ್ನು ಮಾತ್ರ ಓದಿ. ರಬ್ಬರ್ ದೋಣಿ ಮತ್ತು ಅದರ ಎಂಜಿನ್ ಎಷ್ಟೋ ಬಾರಿ ಆ ಸಾಲಿನಲ್ಲೇ ಇರುತ್ತವೆ.

ಪ್ರಶ್ನೆ: ಸಂಪಾಜೆ ಘಾಟಿಯ ತಿರುವುಗಳಲ್ಲೇ ನನಗೆ ಹೊಟ್ಟೆ ತೊಳಸುತ್ತದೆ. ನಾನು ಇಂಥ ಪ್ರವಾಸಕ್ಕೆ ಹೋಗಬಹುದೇ?
— ಗೃಹಿಣಿ, ಸೋಮವಾರಪೇಟೆ

ಉತ್ತರ: ಹೋಗಬಹುದು, ಮತ್ತು ಮೇಲೆ ಹೇಳಿದ ಕರಾವಳಿ ಇದಕ್ಕೆ ಒಳ್ಳೆಯದೂ ಹೌದು, ಏಕೆಂದರೆ ದ್ವೀಪಗಳ ಸಾಲು ಹೊರಗಡಲ ಅಲೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಕಾರಿನಲ್ಲಾಗುವುದೂ ಕಡಲಿನಲ್ಲಾಗುವುದೂ ಒಂದೇ: ಕಿವಿಯೊಳಗಿನ ಸಮತೋಲನದ ಅಂಗ ಅಲುಗುತ್ತಿದೆ ಎನ್ನುತ್ತದೆ, ಎದುರಿನ ಗೋಡೆಯನ್ನೋ ಫೋನನ್ನೋ ನೋಡುತ್ತಿರುವ ಕಣ್ಣು ಇಲ್ಲವೆನ್ನುತ್ತದೆ. ಆದ್ದರಿಂದ ನೌಕೆ ಸಾಗುವಾಗ ಕೆಳಗಿನ ಕೋಣೆಗೆ ಇಳಿಯಬೇಡಿ. ಮೇಲೆ, ಆದಷ್ಟು ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡುತ್ತಿರಿ. ಘಾಟಿಯಲ್ಲಿ ಕಾರು ಓಡಿಸುವವರಿಗೆ ವಾಂತಿ ಬರುವುದು ಅಪರೂಪ ಎಂಬುದನ್ನು ಗಮನಿಸಿರುತ್ತೀರಿ. ಇಲ್ಲಿಯೂ ಚುಕ್ಕಾಣಿ ಹಿಡಿಯುವುದೇ ಮದ್ದು, ಕೇಳಿ ಪಡೆಯಿರಿ. ಖಾಲಿ ಹೊಟ್ಟೆಯೂ ಬೇಡ, ಭಾರವಾದ ಊಟವೂ ಬೇಡ. ಶುಂಠಿ ಕೆಲವರಿಗೆ ಹಿಡಿಸುತ್ತದೆ. ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಆದರೆ ಹೊರಡುವುದಕ್ಕೆ ಮುಂಚೆ ತೆಗೆದುಕೊಳ್ಳಿ. ತೊಳಸಲು ಶುರುವಾದ ಮೇಲೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ.

ಪ್ರಶ್ನೆ: ಅನ್ನ ಮತ್ತು ಪಂದಿಕರಿ ಇಲ್ಲದೆ ನಮ್ಮ ಮನೆಯ ಗಂಡಸರು ವಾರ ಕಳೆಯುವುದಿಲ್ಲ. ನೌಕೆಯಲ್ಲಿ ಅಡುಗೆ ಮಾಡಬಹುದೇ? ಊರಿನಿಂದ ಏನು ಒಯ್ಯಬಹುದು?
— ವಿರಾಜಪೇಟೆಯ ಓದುಗರು

ಉತ್ತರ: ಎರಡು ಅಥವಾ ಮೂರು ಒಲೆಯ ಗ್ಯಾಸ್, ಚಿಕ್ಕ ಓವನ್, ಫ್ರಿಜ್ ಇರುತ್ತವೆ. ಮಾಂಸವನ್ನು ಮಾತ್ರ ಇಲ್ಲಿಂದ ಒಯ್ಯುವಂತಿಲ್ಲ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವುದನ್ನು ನಿಷೇಧಿಸಿದ್ದಾರೆ. ಅಟ್ಟದ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಎಷ್ಟೇ ಚೆನ್ನಾಗಿ ಕಟ್ಟಿದ್ದರೂ, ಜೊತೆಗೆ ತುಪ್ಪದ ಡಬ್ಬಿಯಿದ್ದರೆ ಅದೂ, ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರುತ್ತವೆ. ಹುರಿದು ಪುಡಿ ಮಾಡಿದ ಮಸಾಲೆಯನ್ನೂ ಗಟ್ಟಿ ಮುಚ್ಚಳದ ಪುಟ್ಟ ಬಾಟಲಿಯಲ್ಲಿ ಪಂದಿಕರಿಯ ಹುಳಿಗೆ ಬೇಕಾದ ಕಾಚಂಪುಳಿಯನ್ನೂ ಚೆಕ್‌-ಇನ್ ಪೆಟ್ಟಿಗೆಯೊಳಗೆ ಇಟ್ಟುಕೊಳ್ಳಿ. ಹಂದಿಮಾಂಸ ಸ್ಪ್ಲಿಟ್ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ, ಅಕ್ಕಿಯೂ ಸಿಗುತ್ತದೆ. ಹಬೆಯಲ್ಲಿ ಬೇಯಿಸುವ ಅಕ್ಕಿಯುಂಡೆ ಕಡಂಬುಟ್ಟಿನ ಆಸೆಯನ್ನು ಬಿಟ್ಟುಬಿಡಿ. ನೀರು ಟ್ಯಾಂಕಿನಲ್ಲಿರುವಷ್ಟೇ, ಎಲ್ಲರೂ ಮನೆಯಲ್ಲಿ ಮಾಡಿದಂತೆ ಬಕೆಟ್ ತುಂಬ ಸ್ನಾನ ಮಾಡಿದರೆ ಎರಡೇ ದಿನಕ್ಕೆ ಬರಿದಾಗುತ್ತದೆ. ಅಕ್ಕಿಯನ್ನು ಒಂದೇ ನೀರಿನಲ್ಲಿ ತೊಳೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ, ಪಾತ್ರೆಯ ಮೊದಲ ತೊಳೆತ ಕಡಲ ನೀರಿನಲ್ಲಾಗಲಿ. ಮತ್ತೊಂದು, ಹೇಳಲು ಸಂಕೋಚವಾದರೂ ಹೇಳಲೇಬೇಕು: ನೌಕೆಯ ಶೌಚಾಲಯದ ಕೊಳವೆ ಬಹಳ ಸಪೂರ. ಕಾಗದವನ್ನೂ ಅದರೊಳಗೆ ಹಾಕುವಂತಿಲ್ಲ. ಕಟ್ಟಿಕೊಂಡರೆ ರಿಪೇರಿ ಖರ್ಚು ನಿಮ್ಮದು, ವಾರದ ಸಂತೋಷವೂ ಅಲ್ಲಿಗೇ ಮುಗಿಯಿತು.

ಪ್ರಶ್ನೆ: ವೀಸಾಕ್ಕೆ ಹೋಟೆಲ್ ಬುಕಿಂಗ್ ಕೇಳುತ್ತಾರೆ. ನೌಕೆಯಲ್ಲೇ ಮಲಗುವವರು ಏನು ತೋರಿಸಬೇಕು?
— ನಾಪೋಕ್ಲುವಿನ ಓದುಗರು

ಉತ್ತರ: ನೌಕೆಯ ಬಾಡಿಗೆ ಒಪ್ಪಂದವನ್ನೂ ಎಲ್ಲರ ಹೆಸರಿರುವ ಪ್ರಯಾಣಿಕರ ಪಟ್ಟಿಯನ್ನೂ ಲಗತ್ತಿಸಿ, ಮೊದಲ ಮತ್ತು ಕೊನೆಯ ರಾತ್ರಿಗೆ ದಡದ ಮೇಲೆ ಕೋಣೆ ಹಿಡಿಯಿರಿ. ಕ್ರೊವೇಷ್ಯಾ 2023ರ ಜನವರಿ 1ರಂದು, ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶಗಳಿಗೆ ಹೋಗಬಹುದಾದ ಷೆಂಗೆನ್ ವಲಯ ಸೇರಿತು; ಅಂದೇ ಯೂರೊವನ್ನೂ ಒಪ್ಪಿಕೊಂಡಿತು. ಅರ್ಜಿಯನ್ನು ಹೊರಡುವ ಆರು ತಿಂಗಳ ಮುಂಚಿನಿಂದ ಹದಿನೈದು ದಿನಗಳ ಮುಂಚಿನವರೆಗೆ ಸಲ್ಲಿಸಬಹುದು, ಆದರೆ ಹದಿನೈದನೆಯ ದಿನಕ್ಕೆ ಕಾಯುವವರು ನೌಕೆಯ ಬಾಡಿಗೆಯನ್ನು ಪಣಕ್ಕಿಡುತ್ತಿದ್ದಾರೆ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಅದು ಹಾಯಿ ಪ್ರವಾಸಕ್ಕೂ ಅನ್ವಯಿಸುತ್ತದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ಅಷ್ಟು ದೂರ ಏಕೆ? ನಮ್ಮ ಮಂಗಳೂರು–ಕಾರವಾರ ಕರಾವಳಿ ಚೆಂದವಿಲ್ಲವೇ? ಹಾಯಿದೋಣಿ ನಡೆಸುವುದನ್ನು ಇಲ್ಲೇ ಕಲಿಯಬಹುದೇ?
— ವಿದ್ಯಾರ್ಥಿ, ಕುಶಾಲನಗರ

ಉತ್ತರ: ನಮ್ಮ ಕರಾವಳಿ ಚೆಂದದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪದ ಕಂಬ ಕಂಬದಂಥ ಶಿಲೆಗಳನ್ನೂ ಮುರ್ಡೇಶ್ವರದಾಚೆಯ ನೇತ್ರಾಣಿಯನ್ನೂ ನೋಡಿದವರಿಗೆ ಅದನ್ನು ಹೇಳಬೇಕಿಲ್ಲ. ಆದರೆ ಡಾಲ್ಮೇಷಿಯದಲ್ಲಿ ಒಂದು ದ್ವೀಪದ ಮರೆಯಿಂದ ಇನ್ನೊಂದರ ಮರೆಗೆ ಎರಡು ಮೂರು ಗಂಟೆಯ ದಾರಿ. ನಮ್ಮದು ಅರಬ್ಬೀ ಸಮುದ್ರಕ್ಕೆ ನೇರವಾಗಿ ತೆರೆದುಕೊಂಡ ತೀರ, ಗಾಳಿ ತಿರುಗಿದರೆ ಅಡಗಲು ಅಳಿವೆಗಳೇ ಗತಿ, ಅವುಗಳ ಬಾಯಿಯಲ್ಲಿ ಮರಳ ದಿಬ್ಬ. ಯಾಂತ್ರೀಕೃತ ಮೀನುಗಾರಿಕೆಯೇ ಜೂನ್ ಮತ್ತು ಜುಲೈನಲ್ಲಿ ನಿಂತಿರುತ್ತದೆ. ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಕಡಲು ಒಳ್ಳೆಯದು, ಆದರೆ ನಾಲ್ಕು ಕೋಣೆಯ ನೌಕೆಯನ್ನು ವಾರಕ್ಕೆ ಕೊಟ್ಟು, ರಾತ್ರಿಗೊಂದು ಮರೀನಾ ತೋರಿಸುವ ವ್ಯವಸ್ಥೆ ನಮ್ಮ ತೀರದಲ್ಲಿ ಬೆಳೆದಿಲ್ಲ. ಗೋವಾ, ಮುಂಬೈಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹಾಯಿನೌಕೆ ಸಿಗುತ್ತದೆ; ಯುರೋಪಿಗೆ ಹಣ ಕಟ್ಟುವ ಮೊದಲು ಮನೆಯವರನ್ನೆಲ್ಲ ಕರೆದೊಯ್ದು ಅಲ್ಲಿ ಒಂದು ಮಧ್ಯಾಹ್ನ ಕಳೆದರೆ ಯಾರಿಗೆ ಒಗ್ಗುತ್ತದೆ, ಯಾರಿಗೆ ಇಲ್ಲ ಎಂಬುದು ಖಚಿತವಾಗುತ್ತದೆ. ಸೋಮವಾರಪೇಟೆಯ ಓದುಗರಿಗೂ ಇದೇ ಮಾತು.

ಕಲಿಯುವುದಾದರೆ ದೊಡ್ಡ ನೌಕೆಯಿಂದ ಶುರು ಮಾಡಬೇಡಿ. ಒಬ್ಬರೋ ಇಬ್ಬರೋ ಕೂರುವ ಪುಟ್ಟ ದೋಣಿಯಲ್ಲಿ ಕೆರೆಯ ನೀರಿನಲ್ಲಿ ನಾಲ್ಕು ಸಲ ಮಗುಚಿ ಬಿದ್ದವರಿಗೆ ಗಾಳಿಯ ಮರ್ಮ ತಿಳಿಯುವಂತೆ ಬೇರೆಯವರಿಗೆ ತಿಳಿಯುವುದಿಲ್ಲ. ಸೇನೆಯ ಕುಟುಂಬಗಳು ತುಂಬಿರುವ ಜಿಲ್ಲೆ ನಮ್ಮದು. ಸೇನೆಯ ಎಂಜಿನಿಯರ್ ದಳದವರು ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ 1985ರಿಂದ 1987ರ ನಡುವೆ ಭೂಮಿಯನ್ನು ಸುತ್ತಿ ಬಂದದ್ದನ್ನು ನಿಮ್ಮ ಮನೆಯ ಹಿರಿಯರು ನೆನಪಿಟ್ಟಿರಬಹುದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಯಲ್ಲಿ ವರುಣ್ ಠಕ್ಕರ್ ಜೊತೆ ಭಾರತಕ್ಕಾಗಿ ಸೆಣಸಿದ ಕೆ.ಸಿ. ಗಣಪತಿಯವರು ಕೊಡಗಿನ ಮೂಲದವರು. ನೀವು ಎನ್‌ಸಿಸಿಯ ನೌಕಾ ವಿಭಾಗವಿರುವ ಕಾಲೇಜಿನಲ್ಲಿದ್ದರೆ ಮೊದಲ ಹಗ್ಗ ಅಲ್ಲಿಯೇ ಕೈಗೆ ಸಿಗುತ್ತದೆ. ಇಲ್ಲವಾದರೆ ಭಾರತೀಯ ಯಾಚಿಂಗ್ ಸಂಘದ ಮಾನ್ಯತೆಯಿರುವ ಕ್ಲಬ್‌ಗಳಲ್ಲಿ ರಜೆಯ ಶಿಬಿರಗಳನ್ನು ವಿಚಾರಿಸಿ. ಹೋಗುವ ಮುನ್ನ ಈಜು ಕಲಿತುಕೊಳ್ಳಿ, ಹಾರಂಗಿ ಹಿನ್ನೀರಿನಲ್ಲಲ್ಲ, ಕಲಿಸುವವರು ದಡದಲ್ಲಿ ನಿಂತಿರುವ ಈಜುಕೊಳದಲ್ಲಿ.